ಖಾಲಿ ವಜ್ರ

ವಿಜಯಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮಗೆ ಸಿಸ್ಟಮ್ ಮಾಡೆಲಿಂಗ್, ಅಂದರೆ ಒಂದು ವ್ಯವಸ್ಥೆಯ ಭಾಗಗಳನ್ನು ಚೌಕ-ಗೆರೆಗಳಲ್ಲಿ ಬರೆದು ತೋರಿಸುವುದನ್ನು, ಕಲಿಸುತ್ತಿದ್ದ ಮೇಡಂ, ನಾವು ಬರೆದ ಚಿತ್ರದ ಚೌಕಗಳನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಅವುಗಳ ನಡುವಿನ ಗೆರೆಯ ಮೇಲೆ ಬೆರಳಿಟ್ಟು, "ಈ ಗೆರಿ ಏನ್ ಹೇಳ್ತೈತಿ?" ಎನ್ನುತ್ತಿದ್ದರು. ಉತ್ತರ ಬರುವವರೆಗೆ ಬೆರಳು ಕದಲುತ್ತಿರಲಿಲ್ಲ. ಕ್ಲಾಸು ಮುಗಿದರೆ ಬೋರ್ಡನ್ನು ತಾವೇ ಒರೆಸಿ ಹೋಗುತ್ತಿದ್ದರು.

ಗೆರೆಯ ತುದಿಗೆ ತುಂಬಿದ ವಜ್ರದ ಗುರುತಿದ್ದರೆ ಇನ್ನೊಂದು ತುದಿಯ ಭಾಗ ವಜ್ರವಿರುವ ಚೌಕಕ್ಕೆ ಮಾತ್ರ ಸೇರಿದ್ದು. ಆ ಚೌಕ ಹೋದರೆ ಈ ಭಾಗವೂ ಹೋಯಿತು. ಖಾಲಿ ವಜ್ರವಿದ್ದರೆ ಆ ಭಾಗವನ್ನು ಇನ್ನೊಬ್ಬರೂ ಹಂಚಿಕೊಳ್ಳಬಹುದು. ಇದನ್ನು ಕಲಿಸಿದ ಮರುದಿನ, ದ್ರಾಕ್ಷಿ ತೋಟದ ನೀರಾವರಿಯ ಚಿತ್ರ ಬರೆಯಲು ನಮ್ಮದೇ ಕ್ಲಾಸಿನಲ್ಲಿದ್ದ ನನ್ನ ದೊಡ್ಡಪ್ಪನ ಮಗನನ್ನು ಬೋರ್ಡಿಗೆ ಕರೆದರು. ನಮ್ಮೂರು ಸಾರವಾಡದಲ್ಲಿ ಮನೆಗಳು ಬೇರೆಯಾದಾಗಿನಿಂದ ನಮ್ಮಿಬ್ಬರಿಗೆ ಮಾತಿರಲಿಲ್ಲ. ಅವನು ತೋಟದ ಕೆಳಗೆ ಬಾವಿ ಬರೆದು, ಗೆರೆಗೆ ತುಂಬಿದ ವಜ್ರ ಇಟ್ಟ.

"ಬಾವಿ ಬರೇ ನಿಮ್ದ ಏನಪಾ?" ಮೇಡಂ ಗೆರೆಯ ಮೇಲೆ ಬೆರಳಿಟ್ಟರು.

"ಅಲ್ರಿ, ಕಾಕಾಂದೂ ಪಾಲ್ ಐತ್ರಿ. ಪಾಳಿ ಮ್ಯಾಲೆ ನೀರ್ ಹಾಯಿಸ್ತೀವ್ರಿ," ಎಂದ, ನನ್ನತ್ತ ನೋಡದೆ. ಅವನ ಕಾಕಾ ಎಂದರೆ ನನ್ನ ಅಪ್ಪ.

"ಮತ್ತ ಈ ಗೆರಿ ಏನ್ ಹೇಳ್ತೈತಿ?"

ಅವನು ವಜ್ರದೊಳಗಿನ ಸೀಮೆಸುಣ್ಣವನ್ನು ಹೆಬ್ಬೆರಳಿನಿಂದ ಒರೆಸಿದ. ಆಮೇಲೆ ಪಕ್ಕದಲ್ಲಿ ಇನ್ನೊಂದು ತೋಟದ ಚೌಕ ಎಳೆದು, ಅದರೊಳಗೆ ನನ್ನ ಹೆಸರು ಬರೆದು, ಅಲ್ಲಿಂದಲೂ ಬಾವಿಗೆ ಖಾಲಿ ವಜ್ರದ ಗೆರೆ ತಂದ. ಮೇಡಂ ಬೆರಳು ತೆಗೆದರು.

ತಿರುಗಿ ಬರುವಾಗ ಅವನು ನನ್ನ ಬೆಂಚಿನ ಹತ್ತಿರ ನಿಂತ.

"ಇವತ್ತ ಪಾಳಿ ಯಾರದಲೇ?"

"ನಿಮ್ದ."

ಆ ದಿನ ಮಾತ್ರ ಮೇಡಂ ಬೋರ್ಡ್ ಒರೆಸದೆ ಹೋದರು.