ಮೆಟ್ಟಿಲಡಿಯ ಜಾಗ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಕಣ್ಣು ಸರಿಯಿಲ್ಲ, ಕೈ ನಡುಗುತ್ತದೆ ಎಂದು ನೆವ ಹೇಳಿಕೊಂಡೆ. ಕಳೆದ ವಾರ ಫೋನಿನಲ್ಲಿ ಬಂದ ಒಂದು ಕೋಣೆಯ ಚಿತ್ರ ಆ ನೆವಗಳನ್ನೆಲ್ಲ ಮುಗಿಸಿತು.

ತಂಗಿಯ ಮಗಳು ಐರ್ಲೆಂಡಿನ ಕಾರ್ಕ್ ಎಂಬ ಬಂದರು ಪಟ್ಟಣದಲ್ಲಿ ನರ್ಸು. ಅವಳಿಗೆ ಮಗುವಾಗಿದೆ, ನಾನೂ ನನ್ನವಳೂ ನೋಡಲು ಹೋಗಬೇಕು. ಅವಳದು ಒಂದೇ ಕೋಣೆಯ ಮನೆ. ನಾವು ಉಳಿಯಲು ಬೇರೆ ಜಾಗ ಹುಡುಕಿ ಮೂರು ಚಿತ್ರ ಕಳಿಸಿದಳು. ಒಂದು ಗುಡ್ಡದ ಮೇಲೆ. ಆ ಏರು ನನ್ನ ಮೊಣಕಾಲಿಗೆ ಆಗದು. ಇನ್ನೊಂದು ಊರ ನಡುವಿನ ಹೋಟೆಲು; ಕಿಟಕಿಗೆ ಅಡ್ಡವಾಗಿ ಪಕ್ಕದ ಕಟ್ಟಡದ ಗೋಡೆ. ಮೂರನೆಯದು ಹೊಳೆದಂಡೆಯಲ್ಲಿ, ಒಬ್ಬ ಮುದುಕಿಯ ಮನೆಯ ಕೆಳಗಿನ ಕೋಣೆ.

"ಮಾವ, ಈ ಅಜ್ಜಿ ಎಂತ ಬರ್ದಿದ್ರ್ ಗೊತ್ತಿತ್ತಾ? ಮೀನ್ ಅಡ್ಗಿ ಮಾಡ್ಲಕ್ಕ್, ವಾಸ್ನಿ ಬಂದ್ರೂ ತೊಂದ್ರಿ ಇಲ್ಲೆ ಅಂಬ್ರ್. ನಿಮ್ಗೇ ಕಟ್ಸಿದ್ ಮನಿ!" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಮೀನಿನಕ್ಕ ನೆನಪಾದಳು...

ಮರವಂತೆಯಿಂದ ಬಸ್ಸಿನಲ್ಲಿ ಬುಟ್ಟಿ ತಂದು ನಮ್ಮ ವಂಡ್ಸೆಯಲ್ಲಿ ಮನೆಮನೆಗೆ ಮೀನು ಕೊಡುತ್ತಿದ್ದಳು. ಎಣಿಸಿ ಕೊಟ್ಟ ಮೇಲೆ ಕೊಸರಿಗೆಂದು ಒಂದೆರಡು ಬಂಗಡೆ ಹೆಚ್ಚಿಗೆ ಹಾಕಿ, "ಇದ್ ಮಾಣಿಗೆ" ಎನ್ನುತ್ತಿದ್ದಳು. ನನಗೆ ಮದುವೆಯಾದ ಮೇಲೂ ನಾನು ಅವಳಿಗೆ ಮಾಣಿಯೇ, ಚಿಕ್ಕ ಹುಡುಗನೇ.

ಹತ್ತನೇ ತರಗತಿಯಷ್ಟೇ ಓದಿದ್ದ ನಾನು ಆಗ ಬೈಂದೂರಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರ್. ಕೊಲ್ಲೂರಿಗೆ ಹೋಗುವ ಯಾತ್ರಿಗಳೇ ನಮ್ಮ ಗಿರಾಕಿಗಳು. ಅವರ ಮೂಗಿಗೆ ಮೀನಿನ ವಾಸನೆ ಸೋಕಬಾರದೆಂದು ಊದುಬತ್ತಿ ಹಚ್ಚಿಡುತ್ತಿದ್ದೆ. ಒಂದು ಸಂಜೆ ಅವಳು ಖಾಲಿ ಬುಟ್ಟಿಯೊಂದಿಗೆ ಬಂದಳು. ಮಗಳನ್ನು ಹೆರಿಗೆಗೆ ಅಲ್ಲಿಯ ಆಸ್ಪತ್ರೆಗೆ ಸೇರಿಸಿದ್ದರು. ಸುದ್ದಿ ತಿಳಿದು ವ್ಯಾಪಾರದಿಂದ ನೇರ ಬಂದಿದ್ದಳು. ಹೆರಿಗೆ ಕಷ್ಟವಿದೆ, ಹತ್ತಿರದಲ್ಲೇ ಇರಿ ಎಂದಿದ್ದರಂತೆ. ಒಳಗೆ ಮಲಗಲು ಮಾತ್ರ ಜಾಗವಿಲ್ಲ.

"ಮಾಣಿ, ರೂಮ್ ಬ್ಯಾಡ. ಮೆಟ್ಲಡಿಗೆ ಒಂಚೂರ್ ಬೆನ್ನ್ ಹಾಕ್ತೆ. ಬುಟ್ಟಿ ಹೊರ್ಗೇ ಇಡ್ತೆ."

"ಎಲ್ಲಾ ತುಂಬಿತ್ತ್" ಎಂದೆ.

ಅವಳು ನನ್ನ ಬೆನ್ನ ಹಿಂದಿನ ಹಲಗೆ ನೋಡಿದಳು. ಏಳೆಂಟು ಕೋಣೆಗಳ ಬೀಗದ ಕೈ ಅಲ್ಲೇ ನೇತಾಡುತ್ತಿದ್ದವು.

"ಇವ್ಕೆಲ್ಲಾ ಇವತ್ತ್ ರಜೆಯಾ?"

"ಬುಕ್ ಆದ್ದ್."

"ಹೌದಾ" ಎಂದು ನಕ್ಕು ಹೊರಟಳು. ಮಾಲೀಕರು ಊರಲ್ಲಿರಲಿಲ್ಲ. ಬೇಡವೆಂದವನು ನಾನೇ, ಅವಳ ಮೀನಿನ ಸಾರು ಉಂಡು ಬೆಳೆದವನು...

ಅವಳು ಆ ರಾತ್ರಿಯನ್ನು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತೇ ಕಳೆದಳೆಂದು ಆಮೇಲೆ ಕೇಳಿದೆ. ಮಗಳು ಉಳಿದಳು, ಮಗು ಉಳಿಯಲಿಲ್ಲ. ಸುಮಾರು ದಿನ ಕಳೆದು ಮೀನಿನಕ್ಕ ನಮ್ಮ ಅಂಗಳಕ್ಕೆ ಬಂದಳು. ನಾನು ಒಳಗಿದ್ದೆ.

"ನಮ್ ಮಾಣಿ ಹತ್ರ ಹೋಪುಕ್ ಆಯ್ಲಿಲ್ಯಾ?" ಎಂದು ಅಮ್ಮ ಕೇಳಿದರು.

"ಹೋಯಿದ್ದೆ ಅಮ್ಮ. ಪಾಪ, ಅವ ಎಂತ ಮಾಡುದ್? ಯಾತ್ರಿಯವ್ರೇ ತುಂಬಿದ್ರ್."

ಆ ದಿನವೂ ಕೊಸರು ಹಾಕಿದಳು. ನಾನು ಉಂಡೆ.

ಮತ್ತೆ ಎಷ್ಟೋ ವರ್ಷ ಬಂದಳು. ಪ್ರತಿ ಸಲವೂ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಬೇರೊಬ್ಬಳು ಬರತೊಡಗಿದಳು. ಅವಳಿಂದಲೇ ಮೀನಿನಕ್ಕ ತೀರಿಕೊಂಡದ್ದು ತಿಳಿಯಿತು.

ಕಾರ್ಕಿನ ಆ ಮನೆಯೊಡತಿಗೆ ನಮ್ಮ ಬಗ್ಗೆ ಎರಡು ಸಾಲು ಬರೆಯಬೇಕಂತೆ. "ಲಾಡ್ಜ್ ಮ್ಯಾನೇಜರ್ ಆಗಿದ್ರ್, ಬಂದವ್ರನ್ನ್ ಚೆಂದ ಕಂಡ್ಕಂಡವ್ರ್ ಅಂದ್ ಬರಿತೆ ಮಾವ" ಎಂದಳು ತಂಗಿಯ ಮಗಳು. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಮುಖ ನೋಡದ, ಊರು ತಿಳಿಯದ ಆ ಮುದುಕಿ ಅದನ್ನೇ ನಂಬಿ, ಧಾರಾಳ ಬನ್ನಿ ಎಂದು ಬರೆದಿದ್ದಾಳೆ. ಈಗ ಅಲ್ಲಿಗೇ ಹೋಗುವುದೆಂದು ಆಗಿದೆ.

ಇಷ್ಟೂ ಹೊತ್ತು ಮೀನಿನಕ್ಕ ಎಂದೇ ಬರೆದೆ. ಅದೂ ಒಂದು ತಲೆತಪ್ಪಿಸಿಕೊಳ್ಳುವ ದಾರಿ. ತಪ್ಪಾಯಿತು ಎಂದು ನಾನು ಒಮ್ಮೆಯೂ ಹೇಳದೆ ಕಳೆದುಕೊಂಡವಳು ಮುತ್ತಕ್ಕ.