ದಾರದಲ್ಲಿ ಅಳೆದು ತಂದ ಬೂಟು

ಇತವಾರಿ ಪೇಟೆಯಲ್ಲಿ ನಟ್ಟು-ಬೋಲ್ಟು ಮಾರಿ ಮನೆ ಕಟ್ಟಿಸಿದವನು ನಾನು. ವಿಜಯಪುರದ ಕಡೆಯಿಂದ ಬರಿಗೈಯಲ್ಲಿ ಬಂದು ನಾಗಪುರದಲ್ಲಿ ಬೇರೂರಿದ್ದು ಚೌಕಾಸಿಯ ಬಲದಿಂದ. ಹಾಗಾಗಿ, ಪೊಲೀಸ್ ಭರ್ತಿಯ, ಅಂದರೆ ನೇಮಕಾತಿಯ, ಓಟಕ್ಕೆ ಒಳ್ಳೆಯ ಬೂಟು ಬೇಕೆಂದು ಮಗಳು ಕೇಳಿದಾಗ ಅವಳನ್ನು ಅಂಗಡಿಗೆ ಕರೆದೊಯ್ಯಲಿಲ್ಲ. ಗಿರಾಕಿಯ ಮುಖದಲ್ಲಿ ಆಸೆ ಕಂಡರೆ ಯಾವ ಅಂಗಡಿಯವನೂ ಬೆಲೆ ಇಳಿಸುವುದಿಲ್ಲ. ಅವಳ ಪಾದವನ್ನು ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ದಾರದಲ್ಲಿ ಅಳೆದು, ಗಂಟು ಹಾಕಿ, ಕಿಸೆಯಲ್ಲಿಟ್ಟುಕೊಂಡು ಹೊರಟೆ. ನಮ್ಮಪ್ಪ ಸಂತೆಯಿಂದ ನಮಗೆಲ್ಲ ಚಪ್ಪಲಿ ತರುತ್ತಿದ್ದದ್ದೂ ಹೀಗೆಯೇ.

"ಅಪ್ಪಾ, ನಾನೂ ಬರ್ತೀನಿ. ಹಾಕ್ಕೊಂಡು ನಾಕ್ ಹೆಜ್ಜಿ ಓಡಿ ನೋಡಬೇಕಾಗ್ತೈತಿ," ಎಂದಳು.

"ನೀ ಬಂದ್ರ ಅಂವಾ ರೇಟ್ ಬಿಡಂಗಿಲ್ಲ. ಓಡೂದು ನೀ ನೋಡ್ಕೊ, ತರೂದು ನಾ ನೋಡ್ಕೋತೀನಿ."

ಅಂಗಡಿಯವನು ಮೂರನೇ ಮಾತಿಗೇ ಇಳಿದ. ಆಗಲೇ ಅನುಮಾನ ಬರಬೇಕಿತ್ತು. ಅಷ್ಟು ಸಲೀಸಾಗಿ ನಾನು ಬಿಟ್ಟುಕೊಡುವುದು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮಾಲನ್ನು ಮಾತ್ರ. ಆದರೆ ಗೆದ್ದ ಖುಷಿಯಲ್ಲಿ ಅದು ತಲೆಗೆ ಹೊಳೆಯಲಿಲ್ಲ.

ಬೂಟು ಉದ್ದಕ್ಕೆ ಬರೋಬರ್ ಇತ್ತು, ಅಗಲಕ್ಕೆ ಬಿಗಿ. ಎರಡನೇ ವಾರದಲ್ಲಿ ಮೊಣಕಾಲ ಕೆಳಗಿನ ಎಲುಬು ನೋಯುತ್ತದೆ ಎಂದಳು. "ಹೊಸಾ ಬೂಟ ಹಂಗ ಇರ್ತಾವು. ಕಾಲಿಗೆ ಹೊಂದೂತನಕ ಓಡು," ಎಂದೆ. ಅವಳು ಓಡಿದಳು. ವಯಸ್ಸಿನ ಮಿತಿಯಿಂದಾಗಿ ಇದೇ ಅವಳ ಕೊನೆಯ ಭರ್ತಿ. ನಿಲ್ಲುವ ಧೈರ್ಯ ಅವಳಿಗೂ ಇರಲಿಲ್ಲ. ಒಂದು ಬೆಳಿಗ್ಗೆ ಮೈದಾನದಿಂದ, ಜೊತೆಗೆ ಭರ್ತಿಗೆ ಓಡುತ್ತಿದ್ದ ಗೆಳತಿಯ ಹೆಗಲು ಹಿಡಿದು, ಆಟೋದಲ್ಲಿ ಮನೆಗೆ ಬಂದಳು.

ಧರಮಪೇಠದ ಎಲುಬಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಎಂಟು ವಾರ ಓಡುವಂತಿಲ್ಲ ಎಂದರು. ಓಟಕ್ಕೆ ಉಳಿದಿದ್ದದ್ದು ಐದೇ ವಾರ. ನನಗೆ ಗೊತ್ತಿರುವ ಒಂದೇ ವಿದ್ಯೆಯನ್ನು ಅಲ್ಲೂ ತೆಗೆದೆ. ಮಾತು ನಡೆದದ್ದು ಹಿಂದಿಯಲ್ಲಿ.

"ಮೇಡಂ, ನಾಲ್ಕು ವಾರ ಮಾಡಿ."

"ಕಾಕಾಜಿ, ಎಂಟು ಅಂದೆ."

"ನಿಮ್ಮದೂ ಬೇಡ, ನನ್ನದೂ ಬೇಡ. ಐದು."

"ಎಲುಬಿನ ಹತ್ತಿರ ನೀವೇ ಮಾತಾಡಿ. ಅದು ಒಪ್ಪಿದರೆ ನನ್ನ ತಕರಾರಿಲ್ಲ."

ಮಗಳು ಗೋಡೆ ಕಡೆ ಮುಖ ಮಾಡಿದಳು. ಡಾಕ್ಟರಮ್ಮ ಅವಳು ಕಳಚಿಟ್ಟಿದ್ದ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿದರು. ಬೆರಳ ಬುಡದಲ್ಲಿ ಬಾಗಬೇಕಾದದ್ದು ನಟ್ಟನಡುವೆ ಮಡಚಿಕೊಂಡಿತು. ಹಿಮ್ಮಡಿಯ ಬಳಿ ಗಟ್ಟಿತನವಿಲ್ಲ, ಪಾದದ ಕಮಾನಿಗೆ ಆಸರೆಯಿಲ್ಲ, ಒಳಗಿನ ಫೋಮು ಕಾವಿಗೆ ಒಣಗಿ ಹಲಗೆಯಾಗಿದೆ. ಇಷ್ಟನ್ನೂ ನಾನೇ ಅಂಗಡಿಯಲ್ಲಿ ಮಾಡಿ ನೋಡಬಹುದಿತ್ತು. ಒಂದು ಸ್ಕ್ರೂ ಕೊಳ್ಳುವಾಗಲೂ ಅದರ ತಿರುಪಿನ ಗೆರೆಗಳನ್ನು ತಿರುಗಿಸಿ ನೋಡುವವನು ನಾನು.

ಈಗ ನನ್ನ ಅಂಗಡಿಗೆ ಬರುವವರಿಗೆಲ್ಲ ಹೇಳುತ್ತೇನೆ: ಬೂಟು ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಊದಿರುತ್ತದೆ. ಓಡುವವರನ್ನೇ ಕರೆದೊಯ್ಯಿರಿ, ಅವರ ಹಳೆಯ ಬೂಟನ್ನೂ ಒಯ್ಯಿರಿ. ಅದರ ಅಡಿ ಯಾವ ಕಡೆ ಸವೆದಿದೆ ಎಂದು ನೋಡಿ ಬಲ್ಲವರು ಸರಿಯಾದದ್ದನ್ನು ಕೊಡುತ್ತಾರೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಚೌಕಾಸಿ ಕೊನೆಗೆ. ಜನ ತಲೆಯಾಡಿಸುತ್ತಾರೆ. ಮನೆಯಲ್ಲಿ ಇದನ್ನು ಹೇಳಲು ನನಗೆ ಬಾಯಿಲ್ಲ.

ಓಟದ ದಿನ ಅವಳೇ ಹೊರಟಳು, ಸುಮ್ಮನೆ ನೋಡಿ ಬರುತ್ತೇನೆಂದು. ನಾನೂ ಜೊತೆಗೆ ಹೋದೆ. ಗೇಟಿನ ಪೊಲೀಸನ ಮುಂದೆ ವೈದ್ಯರ ಚೀಟಿ ಹಿಡಿದು, ಇನ್ನೊಂದು ತಾರೀಖು ಕೊಡಿಸಿ ಎಂದೆ. ಅವನು ಚೀಟಿಯನ್ನು ಪೂರ್ತಿ ಓದಿದ, ಮಡಚಿ ವಾಪಸು ಕೊಟ್ಟ. ಪಕ್ಕಕ್ಕೆ ಸರಿಯಲು ಕೈ ತೋರಿಸಿದ. ಹಿಂದೆ ಹುಡುಗಿಯರ ಸಾಲಿತ್ತು.

"ಸಾಕ್ ಬಾ ಅಪ್ಪಾ. ಅವರಿಗೆ ದಾರಿ ಬಿಡು," ಎಂದಳು ಮಗಳು.

ಗೆಳತಿ ತನ್ನ ಚೀಲವನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದಳು. ಓಟ ಶುರುವಾಯಿತು. ಗೆಳತಿ ಎರಡನೇ ಸುತ್ತಿನಲ್ಲಿ ಹಿಂದೆ ಬಿದ್ದಾಗ ಇವಳು ಚೀಲವನ್ನು ನನ್ನ ಕೈಗೆ ತುರುಕಿ, ಬೇಲಿಯ ಕಂಬಿ ಹಿಡಿದು, ಗಂಟಲು ಹರಿಯುವಂತೆ ಮರಾಠಿಯಲ್ಲಿ ಕೂಗತೊಡಗಿದಳು. ನಾನು ಚೀಲ ಹಿಡಿದುಕೊಂಡು ನಿಂತಿದ್ದೆ.