ಗೇಟು ತೆಗೆಸಿದ ಇಸ್ತ್ರಿ ಅಕ್ಕ

ಗಡಿಯ ಗೇಟಿನಿಂದ ಕೂಗಳತೆ ದೂರದಲ್ಲಿ ಇಸ್ತ್ರಿ ಅಕ್ಕನ ಅಂಗಡಿ. ಈಚೆ ಠಾಣೆಯ ಸಿಪಾಯಿಗಳ ಸಮವಸ್ತ್ರಕ್ಕೂ ಆಚೆ ಠಾಣೆಯವರ ಸಮವಸ್ತ್ರಕ್ಕೂ ಗಂಜಿ ಹಾಕಿ ಇಸ್ತ್ರಿ ತಿಕ್ಕುವವಳು ಅವಳೊಬ್ಬಳೇ. ಎರಡು ದೇಶಗಳದು ಹಾವು ಮುಂಗುಸಿ ನಂಟು. ಕಾಲರು ಮಾತ್ರ ಎರಡೂ ಕಡೆ ಒಂದೇ ಕೈಯಲ್ಲಿ ಗಟ್ಟಿಯಾಗುತ್ತಿತ್ತು.

ದೂರದ ರಾಜಧಾನಿಯಲ್ಲಿ ಮಂತ್ರಿಯೊಬ್ಬ ಸೀನಿದರೆ ಸಾಕು, ಇಲ್ಲಿ ಗೇಟು ಮುಚ್ಚುತ್ತಿತ್ತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಊರು ಸೊರಗುತ್ತಿತ್ತು. ಆದರೆ ಆಗಲೂ ಬಟ್ಟೆಯ ಗಂಟಿಗೆ ತಡೆಯಿಲ್ಲ. ಮುದುರಿದ ಅಂಗಿ ತೊಟ್ಟು ಶತ್ರುವಿನೆದುರು ನಿಲ್ಲುವುದುಂಟೇ? ಮನುಷ್ಯರು ದಾಟಬಾರದು, ಅಂಗಿ ದಾಟಬಹುದು. ಎಂಥ ನ್ಯಾಯವೋ!

ಅಕ್ಕ ಮಗಳನ್ನು ಗೇಟಿನಾಚೆಯ ಬೀದಿಗೇ ಕೊಟ್ಟಿದ್ದಳು. ಮಗಳ ಮೊದಲ ಕೂಸು ಉಳಿಯಲಿಲ್ಲ. ಆಗ ಗೇಟು ಮುಚ್ಚಿತ್ತು, ಅಕ್ಕ ಕಂಬಿ ಹಿಡಿದು ಅತ್ತಿದ್ದಳು. ಈಗ ಮತ್ತೆ ಮಗಳಿಗೆ ದಿನ ತುಂಬಿತ್ತು, ಗೇಟು ಮತ್ತೆ ಮುಚ್ಚಿತ್ತು. ಅಕ್ಕ ಈಚೆ ಠಾಣೆಯ ಸಾಹೇಬರ ಮುಂದೆ ನಿಂತಳು.

"ಮೇಲಿಂದ ಆರ್ಡರ್ ಬರ್ಬೇಕಮ್ಮ. ನಾಳೆ ಎರಡೂ ಕಡೆ ಮಂತ್ರಿಗಳು ಗೇಟ್ ಹತ್ರ ಕೈಕುಲುಕ್ತಾರೆ. ಆಮೇಲೆ ನೋಡೋಣ."

"ಹೆರಿಗೆ ಏನು ನಿಮ್ಮ ಮಾತುಕತೇನಾ ಸಾಹೇಬ್ರೇ, ಮುಂದಕ್ಕೆ ಹಾಕೋಕೆ?"

ಮರುದಿನ ಬೆಳಿಗ್ಗೆ ಎರಡೂ ಠಾಣೆಗಳ ಪೆರೇಡಿನ ಬಟ್ಟೆ ಅಕ್ಕನ ಗಂಜಿ ತೊಟ್ಟಿಯಲ್ಲಿದ್ದಾಗ ಗೇಟಿನಾಚೆಯಿಂದ ಅಳಿಯ ಕೂಗಿದ: "ಅತ್ತೇ, ನೋವು ಶುರುವಾಯ್ತು!"

ಅಕ್ಕ ಇಸ್ತ್ರಿ ಪೆಟ್ಟಿಗೆಯ ಕೆಂಡದ ಮೇಲೆ ಚೊಂಬು ನೀರು ಸುರಿದಳು.

ಸಾಹೇಬರು ಏದುಸಿರು ಬಿಡುತ್ತ ಬಂದರು. "ಕ್ಯಾಮೆರಾದವ್ರು ಬರ್ತಿದಾರೆ, ಬಟ್ಟೆ ಎಲ್ಲಿ?"

"ತೊಟ್ಟೀಲಿ. ಇನ್ನು ಮಗಳ ಮನೇಲೇ ಇಸ್ತ್ರಿ."

"ಒಳಗೆ ಹಾಕಿಸ್ಬಿಡ್ತೀನಿ!"

"ಹಾಕ್ಸಿ. ಬನಿಯನ್ನಲ್ಲೇ ಸೆಲ್ಯೂಟ್ ಹೊಡೀರಿ."

ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ. ಧ್ವನಿವರ್ಧಕದಲ್ಲಿ ಬೈದಾಡುವುದು ಬಿಟ್ಟರೆ ಎಂದೂ ಮಾತಾಡದ ಇಬ್ಬರು ಸಾಹೇಬರು ಅಂದು ಕಂಬಿಗೆ ಮುಖ ಒತ್ತಿ ಪಿಸುಗುಟ್ಟಿದರು. ಆಚೆಯವರು ಆಗಲೇ ಬನಿಯನ್ನಲ್ಲಿದ್ದರು. ಗೇಟು ಕಿರ್ರೆಂದಿತು.

ಅಕ್ಕ ತಲೆಯ ಮೇಲೆ ಒದ್ದೆ ಗಂಟು ಹೊತ್ತು, ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ದಾಟಿದಳು. ಹೊಸ್ತಿಲಲ್ಲೇ ಎರಡನ್ನೂ ಅಳಿಯನಿಗೆ ಒಪ್ಪಿಸಿ, "ಕೆಂಡ ಹಾಕಿ ತಿಕ್ಕು" ಎಂದು ಮಗಳ ಬಳಿ ಓಡಿದಳು. ಪಾಪ, ಅವನು ಜನ್ಮದಲ್ಲಿ ಇಸ್ತ್ರಿ ಮುಟ್ಟಿದವನಲ್ಲ. ಮಂತ್ರಿಗಳು ಹಲ್ಲು ಕಿರಿದು ಕೈಕುಲುಕುವಾಗ ಎರಡೂ ದೇಶದ ಸಿಪಾಯಿಗಳ ಪ್ಯಾಂಟಿನಲ್ಲಿ ಜೋಡಿ ಗೆರೆಗಳು ಎದ್ದು ಕಾಣುತ್ತಿದ್ದವು.

ಸಂಜೆಗೆ ಮಂತ್ರಿಗಳು ಹೋದರು, ಎಂದಿನಂತೆ ಏನೂ ಇತ್ಯರ್ಥವಾಗಲಿಲ್ಲ. ಈಚೆ ಠಾಣೆಯ ಸಿಪಾಯಿಯೊಬ್ಬ ಮಗಳ ಮನೆ ಬಾಗಿಲಿಗೆ ಬಂದು ಕೂಗಿದ: "ಅಕ್ಕಾ, ಬೇಗ ಬಾ! ಗೇಟ್ ಮುಚ್ತಿದೀವಿ. ಮತ್ತೆ ಯಾವಾಗ ತೆಗೀತೀವೋ ಗೊತ್ತಿಲ್ಲ, ಹೊರಗೇ ಉಳ್ಕೋತೀಯ!"

ಮಗಳು ನಿದ್ದೆ ಹೋಗಿದ್ದಳು. ಅಕ್ಕನ ಮಡಿಲಲ್ಲಿ ಕೂಸು ಕೈಕಾಲು ಆಡಿಸುತ್ತಿತ್ತು.

"ಮುಚ್ಕೊಳ್ಳಪ್ಪ," ಅಂದಳು ಅಕ್ಕ. "ನಾನು ಹೊರಗೆ ಎಲ್ಲಿದೀನಿ?"